ಮಗುವಿನ ಚಿತ್ರದಲ್ಲಿ ಏನೋ ಕಂಡಾಗ: ಶಿಕ್ಷಕರಿಗೂ ಪೋಷಕರಿಗೂ ಒಂದು ಸಮಗ್ರ ಮಾರ್ಗದರ್ಶಿ

2017ರಲ್ಲಿ ದೆಹಲಿಯ ಒಂದು ಕೋರ್ಟಿನ ತೀರ್ಪು ದೇಶದ ಪೇಪರುಗಳಲ್ಲೆಲ್ಲ ಸುದ್ದಿಯಾಯಿತು. ವಿಚಾರಣೆಯ ವೇಳೆ ಹತ್ತು ವರ್ಷದ ಹುಡುಗಿಯೊಬ್ಬಳು ಕ್ರೇಯಾನ್ ಹಿಡಿದು ಒಂದು ಚಿತ್ರ ಬಿಡಿಸಿದ್ದಳು. ಬಿಕೋ ಎನ್ನುವ ಮನೆ, ಬಲೂನು ಹಿಡಿದ ಹುಡುಗಿ, ಕೆಳಗೆ ಬಿದ್ದಿರುವ ಒಂದು ಫ್ರಾಕು. ಬಣ್ಣಗಳೆಲ್ಲ ಮಂಕು. ನ್ಯಾಯಾಧೀಶರು ಆ ಚಿತ್ರವನ್ನು ಗಣನೆಗೆ ತೆಗೆದುಕೊಂಡರು. ಅವಳ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದ ಹತ್ತಿರದ ಬಂಧುವಿಗೆ 5 ವರ್ಷ ಜೈಲಾಯಿತು.

ಚಿತ್ರವೇ ಅಪರಾಧ ಸಾಬೀತು ಮಾಡಿತು ಅಂತ ಆಗ ಬಹಳ ಜನ ಅಂದುಕೊಂಡರು. ನಡೆದದ್ದು ಸ್ವಲ್ಪ ಬೇರೆ. ಆ ಹುಡುಗಿ ಅಷ್ಟು ಹೊತ್ತಿಗಾಗಲೇ ಬಾಯಿಬಿಟ್ಟು ಹೇಳಿದ್ದಳು. ಯಾರೋ ಹೇಳಿಕೊಟ್ಟು ಹೇಳಿಸುತ್ತಿದ್ದಾರೆ ಎಂದು ಆರೋಪಿ ಕಡೆಯ ವಾದ. ಆ ವಾದದ ಎದುರು ಚಿತ್ರ ಅವಳ ಮಾತಿಗೆ ಬಲ ಕೊಟ್ಟಿತು. ಅವಳು ಸಾಕ್ಷಿ ಹೇಳಲು ಸಮರ್ಥಳು ಎಂದು ಕೋರ್ಟು ಒಪ್ಪಿತು. ಮಾತು ಮೊದಲು, ಚಿತ್ರ ಅದರ ಪಕ್ಕದಲ್ಲಿ. ಈ ಕ್ರಮ ನೆನಪಿರಲಿ.

ಟೀಚರುಗಳು, ಅಂಗನವಾಡಿ ಕಾರ್ಯಕರ್ತೆಯರು, ಹಾಸ್ಟೆಲ್ ವಾರ್ಡನ್‌ಗಳು, ಅಪ್ಪ ಅಮ್ಮಂದಿರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: "ಮಗುವಿನ ಮೇಲೆ ದೌರ್ಜನ್ಯ ಆಗಿದೆಯಾ ಅಂತ ಚಿತ್ರ ನೋಡಿ ಕಂಡುಹಿಡಿಯೋದು ಹೇಗೆ?" ಬರೀ ಚಿತ್ರ ನೋಡಿ ಕಂಡುಹಿಡಿಯಲು ಆಗುವುದಿಲ್ಲ. ಆದರೆ ಚಿತ್ರದ ನೆಪದಲ್ಲಿ ಮಗುವಿನ ಜೊತೆ ಕೂರಬಹುದು. ಅದು ಹೇಳುವುದನ್ನು ಕೆಡಿಸದೆ ಕೇಳಿಸಿಕೊಳ್ಳಬಹುದು. ಕೇಳಿದ್ದನ್ನು ಸರಿಯಾದ ಜಾಗಕ್ಕೆ ಮುಟ್ಟಿಸಬಹುದು. ಇಷ್ಟು ಮಾಡಲು ಮನಃಶಾಸ್ತ್ರದ ಡಿಗ್ರಿ ಬೇಕಾಗಿಲ್ಲ. ಹೇಗೆ ಅಂತ ಒಂದೊಂದಾಗಿ ನೋಡೋಣ.

ವಾಟ್ಸಾಪ್ ಪಟ್ಟಿಗಳನ್ನು ಬದಿಗಿಡಿ

ಕೈ ಇಲ್ಲದ ಮನುಷ್ಯನನ್ನು ಬರೆದರೆ ಮಗು ಅಸಹಾಯಕ. ಕಪ್ಪು ಬಣ್ಣ ಬಳಸಿದರೆ ಖಿನ್ನತೆ. ದೊಡ್ಡ ಹಲ್ಲಿದ್ದರೆ ಹಿಂಸೆ. ಕಿಟಕಿ ಇಲ್ಲದ ಮನೆಯಾದರೆ ಏನೋ ಗುಟ್ಟು. ಇಂಥ ಪಟ್ಟಿಗಳು ಟೀಚರುಗಳ ಗ್ರೂಪಿನಲ್ಲಿ ಆಗಾಗ ಬರುತ್ತವೆ. ಓದಲು ಮಜಾ ಇರುತ್ತದೆ, ಪಂಚಾಂಗದ ಹಲ್ಲಿ ಶಕುನದ ಹಾಗೆ. ನಂಬಿ ನಡೆದರೆ ಅಪಾಯ.

ಈ ಪಟ್ಟಿಗಳಿಗೆ ಒಂದು ಹಿನ್ನೆಲೆ ಇದೆ. 1926ರಲ್ಲಿ ಅಮೆರಿಕದಲ್ಲಿ ಮಕ್ಕಳಿಗೆ ಮನುಷ್ಯನ ಚಿತ್ರ ಬರೆಸಿ ಬುದ್ಧಿಯ ಬೆಳವಣಿಗೆ ಅಳೆಯುವ ಪರೀಕ್ಷೆ ಬಂತು. 1940ರ ದಶಕದ ಕೊನೆಗೆ ಅದೇ ಚಿತ್ರಗಳಿಂದ ಸ್ವಭಾವವನ್ನೂ ಓದಬಹುದು ಎಂಬ ವಾದ ಶುರುವಾಯಿತು. 1968ರಲ್ಲಿ ಮನಸ್ಸಿನ ತೊಂದರೆಗೆ ಇಂತಿಂಥ ಗುರುತುಗಳು ಎಂಬ ದೊಡ್ಡ ಪಟ್ಟಿಯೇ ತಯಾರಾಯಿತು. ಆಮೇಲೆ ಅದನ್ನು ದೌರ್ಜನ್ಯ ಪತ್ತೆಗೂ ಬಳಸಲು ನೋಡಿದರು. ಆ ಕೆಲಸಕ್ಕೆ ಅದು ಒದಗಲಿಲ್ಲ. 2012ರಲ್ಲಿ ಇಬ್ಬರು ಸಂಶೋಧಕರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ಪರಿಶೀಲಿಸಿದರು. ಯಾವುದೇ ಒಂದು ಗುರುತಿನಿಂದಾಗಲಿ, ಅಂಕ ಹಾಕುವ ಯಾವುದೇ ವಿಧಾನದಿಂದಾಗಲಿ ದೌರ್ಜನ್ಯಕ್ಕೆ ಒಳಗಾದ ಮಗುವನ್ನು ನಂಬಿಕೆಯಿಂದ ಗುರುತಿಸಲು ಆಗುವುದಿಲ್ಲ ಎಂಬುದೇ ಅವರ ತೀರ್ಮಾನ.

ಕಾರಣ ಸರಳ. ಏನೂ ಆಗದ ಮಕ್ಕಳ ಚಿತ್ರದಲ್ಲೂ ಆ ಗುರುತುಗಳು ಧಾರಾಳವಾಗಿ ಸಿಗುತ್ತವೆ. ಇನ್ನೊಂದು ಕಡೆ, ದಿನಾ ನರಕ ಅನುಭವಿಸುತ್ತಿರುವ ಮಗುವೂ ಎರಡು ಗುಡ್ಡ, ನಡುವೆ ಸೂರ್ಯ, ಒಂದು ಹೊಳೆ, ಒಂದು ತೆಂಗಿನ ಮರ ಬರೆದು ಕೊಡಬಹುದು. ನಮ್ಮಲ್ಲಿ ಹಾಳೆ ಕೊಟ್ಟ ತಕ್ಷಣ ಮಕ್ಕಳ ಕೈಯಿಂದ ಬರುವ ಚಿತ್ರವೇ ಅದು, ಅಲ್ವಾ? ಹಾಗಾಗಿ "ಚಿತ್ರ ಚೆನ್ನಾಗಿದೆ, ಮಗುವಿಗೆ ಏನೂ ಆಗಿಲ್ಲ" ಅನ್ನುವುದೂ ಅಷ್ಟೇ ತಪ್ಪು. ನನ್ನ ಮಟ್ಟಿಗೆ ಇದು ಇನ್ನೂ ದೊಡ್ಡ ತಪ್ಪು. ಯಾಕೆಂದರೆ ಇಲ್ಲಿ ನಾವು ನಿರಾಳವಾಗಿ ಎದ್ದು ಹೋಗಿಬಿಡುತ್ತೇವೆ.

ವಯಸ್ಸಿಗೆ ಸಹಜವಾದದ್ದು ಯಾವುದು, ತಿಳಿದಿರಲಿ

ಗಾಬರಿ ಹುಟ್ಟಿಸುವ ಎಷ್ಟೋ ಚಿತ್ರಗಳು ಆ ವಯಸ್ಸಿಗೆ ಸಹಜವಾದವು. ಎರಡು ಮೂರು ವರ್ಷಕ್ಕೆ ಮಗು ಗೀಚುತ್ತದೆ, ಅಷ್ಟೇ. ಗೀಚಿ ಆದಮೇಲೆ ಅದಕ್ಕೆ "ಅಜ್ಜಿ" ಅಂತಲೋ "ಬಸ್ಸು" ಅಂತಲೋ ಹೆಸರಿಡುತ್ತದೆ. ಐದು ನಿಮಿಷಕ್ಕೆ ಅದೇ ಗೀಚು ಆನೆಯಾಗಬಹುದು.

ಮೂರೂವರೆ, ನಾಲ್ಕಕ್ಕೆ ಒಂದು ದುಂಡನೆ ತಲೆ, ಅದರಿಂದಲೇ ನೇರ ಇಳಿದ ಎರಡು ಕಾಲು. ಹೊಟ್ಟೆ ಇಲ್ಲ, ಕೈ ಇರಬಹುದು, ಇಲ್ಲದಿರಬಹುದು. ಪಟ್ಟಿ ಹಿಡಿದು ಕೂತವರಿಗೆ ಇದು "ಕೈಯಿಲ್ಲದ, ಮೈಯಿಲ್ಲದ ಮನುಷ್ಯ". ಜಗತ್ತಿನ ಎಲ್ಲ ಕಡೆ ಮಕ್ಕಳು ಈ ಘಟ್ಟ ದಾಟಿಯೇ ಬರುತ್ತಾರೆ.

ಐದು ಆರಕ್ಕೆ ಎಕ್ಸ್‌ರೇ ಥರದ ಚಿತ್ರಗಳು ಬರುತ್ತವೆ. ಗೋಡೆ ಇದ್ದರೂ ಮನೆಯೊಳಗಿನವರು ಕಾಣುತ್ತಾರೆ. ಅಮ್ಮನ ಹೊಟ್ಟೆಯಲ್ಲಿ ಪಾಪು ಕಾಣುತ್ತದೆ. ಲಂಗದೊಳಗೆ ಕಾಲು ಕಾಣುತ್ತವೆ. ತನಗೆ ಗೊತ್ತಿರುವುದನ್ನೆಲ್ಲ ಮಗು ಬರೆಯುತ್ತಿದೆ, ಕಣ್ಣಿಗೆ ಕಾಣುವುದನ್ನಷ್ಟೇ ಬರೆಯುವುದು ಆಮೇಲಿನ ಮಾತು. ಇಷ್ಟವಾದವರನ್ನು ದೊಡ್ಡದಾಗಿ, ಜಾಗ ಸಾಲದಿದ್ದರೆ ಉಳಿದವರನ್ನು ಚಿಕ್ಕದಾಗಿ ಬರೆಯುವುದೂ ಈ ವಯಸ್ಸಿನಲ್ಲೇ. ಏಳೆಂಟರ ನಂತರ ಅಳತೆ, ವಿವರ ಸುಧಾರಿಸುತ್ತವೆ. ಹತ್ತು ದಾಟಿದವರು ತಮ್ಮ ಚಿತ್ರ ಚೆನ್ನಾಗಿಲ್ಲ ಅಂತ ಅಳಿಸಿ ಅಳಿಸಿ ಹಾಳೆ ಹರಿಯುತ್ತಾರೆ. ಇಲ್ಲವೇ ಕಾರ್ಟೂನು ನಕಲು ಮಾಡುತ್ತಾರೆ.

ಇನ್ನು ನಮ್ಮ ಊರಿನ ಕಾರಣಗಳು. ಮಾರಿಜಾತ್ರೆಯಲ್ಲಿ ಕುರಿ ಕಡಿದದ್ದನ್ನು ನೋಡಿ ಬಂದ ಹುಡುಗ ಹಾಳೆ ತುಂಬ ಕೆಂಪು ಬಳಿಯುತ್ತಾನೆ. ಕರಾವಳಿಯ ಮಗು ರಾತ್ರಿಯ ಯಕ್ಷಗಾನದಲ್ಲಿ ಕಂಡ ರಾಕ್ಷಸ ವೇಷವನ್ನು ಕೋರೆಹಲ್ಲು ಸಮೇತ ಇಳಿಸುತ್ತದೆ. ಅಂಗನವಾಡಿಯ ಬಣ್ಣದ ಡಬ್ಬಿಯಲ್ಲಿ ಕೆಂಪು ಹಸಿರು ಮೊದಲೇ ಮುಗಿದು, ಕಪ್ಪು ಕಂದು ಉಳಿದಿದ್ದರೆ ಎಲ್ಲರ ಸೂರ್ಯನೂ ಕಪ್ಪೇ. ಖಿನ್ನತೆ ಹುಡುಕುವ ಮೊದಲು ಡಬ್ಬಿ ನೋಡಿ.

ಗುಪ್ತಾಂಗದ ಚಿತ್ರ ಕಂಡರೆ ಎಲ್ಲರೂ ಬೆಚ್ಚುತ್ತಾರೆ. ಮನೆಯಲ್ಲಿ ಹೊಸ ತಮ್ಮ ಹುಟ್ಟಿದ್ದಾನೆ, ಅವನಿಗೆ ಸ್ನಾನ ಮಾಡಿಸುವುದನ್ನು ನೋಡಿ ಮಗು ಬರೆದಿರಬಹುದು. ಒಮ್ಮೆ ಬರೆದ ಮಾತ್ರಕ್ಕೆ ಏನೂ ಸಾಬೀತಾಗದು. ಆದರೆ ಲೈಂಗಿಕ ಕ್ರಿಯೆಯನ್ನೇ, ಆ ವಯಸ್ಸಿಗೆ ಗೊತ್ತಿರಲಾಗದ ವಿವರದೊಂದಿಗೆ ಬರೆದಿದ್ದರೆ ಹಗುರವಾಗಿ ಬಿಡಬೇಡಿ. ಮೊಬೈಲಿನಲ್ಲಿ ನೋಡಿರಬಹುದು ಅಂತ ಸಮಾಧಾನ ಮಾಡಿಕೊಳ್ಳುವುದೂ ಬೇಡ. ಅದನ್ನು ಮಗುವಿಗೆ ಬೇಕಂತಲೇ ತೋರಿಸಿದವರು ಯಾರು ಎಂಬ ಪ್ರಶ್ನೆ ಬರುತ್ತದೆ. ಮಗುವಿಗೆ ಅಶ್ಲೀಲ ದೃಶ್ಯ ತೋರಿಸುವುದೇ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆಯಡಿ ಅಪರಾಧ.

ಹಾಗಾದರೆ ಯಾವಾಗ ನಿಂತು ನೋಡಬೇಕು?

ಒಂದು ಚಿತ್ರಕ್ಕಿಂತ ಬದಲಾವಣೆ ಮುಖ್ಯ. ಯಾವಾಗಲೂ ಗಿಡ, ಬಸ್ಸು, ಕ್ರಿಕೆಟ್ ಬರೆಯುತ್ತಿದ್ದ ಮಗು ಇದ್ದಕ್ಕಿದ್ದಂತೆ ಬೇರೇನೋ ಬರೆಯತೊಡಗಿದೆ. ಒಂದೇ ದೃಶ್ಯ ವಾರಗಟ್ಟಲೆ ಮತ್ತೆ ಮತ್ತೆ ಬರುತ್ತಿದೆ. ಮನೆಯವರೆಲ್ಲರನ್ನೂ ಬರೆದು ಒಬ್ಬರ ಮೇಲೆ ಮಾತ್ರ ಹಾಳೆ ತೂತಾಗುವಂತೆ ಗೀಚುತ್ತದೆ. ಚಿತ್ರ ಬರೆಯುವುದೆಂದರೆ ಪ್ರಾಣ ಅನ್ನುತ್ತಿದ್ದ ಮಗು ಹಾಳೆಯನ್ನೇ ಮುಟ್ಟುತ್ತಿಲ್ಲ. ಇಂಥಲ್ಲಿ ಗಮನ ಕೊಡಿ.

ಹಾಳೆಯ ಹೊರಗೂ ನೋಡಬೇಕು. ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗಿದೆಯೇ? ಒಬ್ಬ ವ್ಯಕ್ತಿ ಬಂದರೆ ಮಗು ಮುದುಡುತ್ತದೆಯೇ? ಶಾಲೆ ಬಿಟ್ಟ ಮೇಲೂ ಮನೆಗೆ ಹೋಗಲು ತಡಮಾಡುತ್ತದೆಯೇ? ಕೂರಲು, ನಡೆಯಲು, ಮೂತ್ರ ಮಾಡಲು ನೋವು ಅನ್ನುತ್ತಿದೆಯೇ? ಕಾರಣ ಸಿಗದ ಹೊಟ್ಟೆನೋವು, ಎಲ್ಲಿಂದ ಬಂತೆಂದು ಹೇಳಲಾಗದ ಉಡುಗೊರೆ, ದುಡ್ಡು, ವಯಸ್ಸಿಗೆ ಮೀರಿದ ಲೈಂಗಿಕ ಮಾತು, ಮೈಮೇಲೆ ಒಂದೊಂದು ಸಲ ಒಂದೊಂದು ಕತೆ ಹೇಳುವ ಬಾಸುಂಡೆ. ಇವೂ ಬೇರೆ ಕಾರಣದಿಂದ ಬರಬಹುದು. ಅಜ್ಜ ತೀರಿಕೊಂಡಿರಬಹುದು, ಅಪ್ಪನ ಕುಡಿತ ಜಾಸ್ತಿಯಾಗಿರಬಹುದು, ಊರು ಬದಲಾಗಿರಬಹುದು. ಯಾವ ಕಾರಣವಾದರೂ ಮಗುವಿಗೆ ಕಷ್ಟವಿದೆ ಎಂಬುದು ನಿಜ. ಜೊತೆಗೆ ಕೂರಲು ಅಷ್ಟು ಸಾಕು.

ಹುಡುಗರನ್ನು ಬಿಟ್ಟುಬಿಡಬೇಡಿ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದ ವರದಿ ಪ್ರಕಟಿಸಿತು. ಅದರಲ್ಲಿ ಶೇ 53.22ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಎದುರಿಸಿದ್ದಾಗಿ ಹೇಳಿದ್ದರು. ಹುಡುಗರ ಪಾಲು ಹುಡುಗಿಯರಿಗಿಂತ ಕಡಿಮೆ ಏನೂ ಇರಲಿಲ್ಲ. ಬಹುಪಾಲು ಮಕ್ಕಳು ಅದನ್ನು ಯಾರಿಗೂ ಹೇಳಿರಲಿಲ್ಲ.

ಹಂತ 1: ಜಾಗ, ಸಾಮಾನು, ಸಮಯ

ಮಗುವನ್ನು ಒಂಟಿಯಾಗಿ ಆಫೀಸ್ ರೂಮಿಗೆ ಕರೆಸಬೇಡಿ. ಆಫೀಸ್ ರೂಮ್ ಅಂದರೆ ಬೈಗುಳ ಅಂತ ಎಲ್ಲ ಮಕ್ಕಳಿಗೂ ಗೊತ್ತು. ತರಗತಿಯ ಮೂಲೆ, ವರಾಂಡ, ಅಂಗನವಾಡಿಯ ಚಾಪೆ ಸಾಕು. ಬೇರೆಯವರಿಗೆ ನೀವಿಬ್ಬರೂ ಕಾಣಬೇಕು, ಮಾತು ಕೇಳಿಸಬಾರದು. ಇದು ನಿಮ್ಮ ರಕ್ಷಣೆಗೂ ಒಳ್ಳೆಯದು.

ಬಿಳಿ ಹಾಳೆ ಎರಡು ಮೂರು, ಎಲ್ಲ ಬಣ್ಣಗಳಿರುವ ಕ್ರೇಯಾನ್ ಅಥವಾ ಬಣ್ಣದ ಪೆನ್ಸಿಲ್. ರಬ್ಬರ್ ಇರಲಿ. ಸ್ಲೇಟು, ಬಳಪ ಬೇಡ, ಅಳಿಸಿಹೋದರೆ ಮತ್ತೆ ಸಿಗುವುದಿಲ್ಲ. ಬೆಲ್ ಹೊಡೆಯಲು ಹತ್ತು ನಿಮಿಷ ಇರುವಾಗ ಶುರುಮಾಡಬೇಡಿ. ಮಗು ಬಾಯಿ ತೆರೆಯುವ ಹೊತ್ತಿಗೆ ಬೆಲ್ ಆದರೆ ಆ ಮಾತು ಮತ್ತೆ ಬರುತ್ತದೆ ಅನ್ನುವ ಖಾತ್ರಿ ಇಲ್ಲ.

ಹಂತ 2: ಏನು ಬರೆಸಬೇಕು

"ನಿಂಗೆ ಇಷ್ಟ ಬಂದದ್ದು ಬರಿ." ಇದಕ್ಕಿಂತ ಒಳ್ಳೆಯ ಸೂಚನೆ ಇಲ್ಲ. ಮಗು "ಏನ್ ಬರೀಲಿ ಮಿಸ್?" ಅಂತ ಕೂತರೆ "ನಿಮ್ಮನೇಲಿ ಎಲ್ರೂ ಏನಾದ್ರೂ ಮಾಡ್ತಿರೋ ಥರ ಬರಿ" ಅನ್ನಬಹುದು. 1970ರಿಂದ ಮನೋವೈದ್ಯಕೀಯದಲ್ಲಿ ಬಳಕೆಯಲ್ಲಿರುವ ವಿಧಾನ ಇದು. ಮನೆಯ ಚಿತ್ರ ಬಂದರೆ ಮಾತಿಗೆ ದಾರಿ ಸಿಗುತ್ತದೆ ಅಂತ ಮಾತ್ರ ಇಲ್ಲಿ ಬಳಸಿ. ಅಪ್ಪನನ್ನು ದೂರ ಬರೆದಿದ್ದಾನೆ ಅಂತ ಅರ್ಥ ಕಟ್ಟುತ್ತಾ ಹೋಗಬೇಡಿ. ಅಪ್ಪ ಸೌದಿಯಲ್ಲಿರಬಹುದು.

"ನಿಂಗೆ ನೋವು ಮಾಡಿದವರನ್ನು ಬರಿ", "ಕೆಟ್ಟ ಅಂಕಲ್ ಬರಿ" ಅಂತ ಯಾವತ್ತೂ ಹೇಳಬೇಡಿ. ಅಲ್ಲಿಗೆ ಉತ್ತರವನ್ನು ನೀವೇ ಮಗುವಿನ ಬಾಯಿಗೆ ಇಟ್ಟಂತಾಯಿತು. ಮೈಯ ಆಕಾರ ಬರೆದುಕೊಟ್ಟು "ಎಲ್ಲಿ ಮುಟ್ಟಿದ್ರು, ತೋರ್ಸು" ಅನ್ನುವುದೂ ಬೇಡ. ಅದು ತರಬೇತಿ ಪಡೆದವರ ಕೆಲಸ.

ಹಂತ 3: ಬರೆಯುವಾಗ ಸುಮ್ಮನಿರಿ

ಇದು ಅನುಭವಿ ಟೀಚರುಗಳಿಗೇ ಕಷ್ಟ. ಸೂರ್ಯನಿಗೆ ಹಳದಿ ಹಾಕು, ಗೆರೆ ಆಚೆ ಹೋಗ್ಬೇಡ, ಕೈ ಮರೆತಿದ್ದೀಯಲ್ಲ ಅಂತ ನಾಲಿಗೆ ತುದಿಗೆ ಬರುತ್ತದೆ. ತಡೆದುಕೊಳ್ಳಿ. "ವೆರಿ ಗುಡ್" ಕೂಡ ಬೇಡ. ಹೊಗಳಿದರೆ ಮಗು ನಿಮಗೆ ಇಷ್ಟವಾಗುವುದನ್ನು ಬರೆಯಲು ಶುರುಮಾಡುತ್ತದೆ. ಪಕ್ಕದಲ್ಲಿ ನೀವೂ ಒಂದು ಹಾಳೆ ಹಿಡಿದು ಏನಾದರೂ ಗೀಚುತ್ತಿದ್ದರೆ ಮಗುವಿಗೆ ದಿಟ್ಟಿಸಿ ನೋಡುತ್ತಿದ್ದಾರೆ ಅನ್ನಿಸುವುದಿಲ್ಲ.

ಯಾರನ್ನು ಮೊದಲು ಬರೆಯಿತು, ಯಾವಾಗ ಕೈ ನಿಂತಿತು, ತನ್ನಷ್ಟಕ್ಕೆ ಏನು ಗೊಣಗಿತು ಅನ್ನುವುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮಗುವಿನ ಎದುರು ನೋಟ್ಸ್ ಬರೆಯುತ್ತಾ ಕೂರಬೇಡಿ.

ಹಂತ 4: ಕೇಳುವ ಮಾತು

ಇಡೀ ಕೆಲಸ ನಿಂತಿರುವುದು ಇಲ್ಲಿ. ಇಲ್ಲಿ ಎಡವಿದರೆ ಮುಂದೆ ಪೊಲೀಸರಿಂದಲೂ ಕೋರ್ಟಿನಿಂದಲೂ ಸರಿಪಡಿಸಲು ಆಗುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಎರಡನೇ ಕ್ಲಾಸಿನ ಹುಡುಗಿ ಒಂದು ಮಂಚ, ಒಂದು ಬಾಗಿಲು, ಬಾಗಿಲಲ್ಲಿ ಉದ್ದನೆಯ ಒಬ್ಬರನ್ನು ಬರೆದಿದ್ದಾಳೆ. ಗಾಬರಿಯಾದ ಟೀಚರ್ ಹೀಗೆ ಕೇಳುತ್ತಾರೆ:

"ಇದು ನಿಮ್ ಚಿಕ್ಕಪ್ಪನಾ? ಅವ್ರು ರಾತ್ರಿ ಬರ್ತಾರಾ? ಏನಾದ್ರೂ ಮಾಡ್ತಾರಾ? ಹೆದರ್ಕೋಬೇಡ, ಹೇಳು."

ಹುಡುಗಿ ತಲೆಯಾಡಿಸಬಹುದು. ದೊಡ್ಡವರು ಕೇಳಿದ್ದಕ್ಕೆ ಹೂಂ ಅನ್ನುವುದನ್ನೇ ನಾವು ಮಕ್ಕಳಿಗೆ ಕಲಿಸಿರುವುದು. ಆ ಹೂಂ ಎಷ್ಟು ನಿಜ ಅಂತ ಈಗ ಯಾರಿಗೂ ಗೊತ್ತಾಗದು. ಇನ್ನೊಬ್ಬ ಟೀಚರ್ ಹೀಗೆ ಮಾತಾಡಿಸುತ್ತಾರೆ:

"ಈ ಚಿತ್ರದ ಬಗ್ಗೆ ಹೇಳ್ತೀಯಾ ಪುಟ್ಟಿ?"

"ಇದು ನಾನು ಮಲ್ಕೊಂಡಿರೋದು."

"ಹೂಂ."

"ಇದು ಬಾಗ್ಲು."

"ಬಾಗ್ಲು. ಆಮೇಲೆ?"

"ಇವ್ರು ಬಂದ್ರು."

"ಇವ್ರು ಅಂದ್ರೆ?"

ಇಲ್ಲಿ ಹುಡುಗಿ "ಅಜ್ಜಿ, ಹೊದಿಕೆ ಹೊದ್ಸಕ್ಕೆ ಬಂದ್ರು" ಅನ್ನಬಹುದು. ಬೇರೆ ಹೆಸರನ್ನೂ ಹೇಳಬಹುದು. ಎರಡನೆಯ ಟೀಚರ್ ಹೊಸ ಪದ ಒಂದನ್ನೂ ಸೇರಿಸಿಲ್ಲ. ಹುಡುಗಿಯ ಮಾತನ್ನೇ ಹಿಂದಕ್ಕೆ ಕೊಟ್ಟು ಮುಂದೇನು ಅಂತ ಕೇಳಿದ್ದಾರೆ.

"ಇದರ ಬಗ್ಗೆ ಹೇಳು", "ಆಮೇಲೆ ಏನಾಯ್ತು", "ಇವ್ರು ಏನ್ ಮಾಡ್ತಿದಾರೆ", "ಇನ್ನೇನಾದ್ರೂ ಇದೆಯಾ" ಅನ್ನುವ ನಾಲ್ಕು ಮಾತಲ್ಲೇ ಮುಗಿಸಿದರೆ ಒಳ್ಳೆಯದು. ಹೌದು ಅಥವಾ ಇಲ್ಲ ಅಂತ ಉತ್ತರ ಬರುವ ಪ್ರಶ್ನೆ ಬೇಡ. ಇಬ್ಬರಲ್ಲಿ ಒಬ್ಬರನ್ನು ಆರಿಸುವ ಪ್ರಶ್ನೆ ಬೇಡ. ಒಂದೇ ಪ್ರಶ್ನೆಯನ್ನು ತಿರುಗಿಸಿ ತಿರುಗಿಸಿ ಕೇಳಬೇಡಿ, ಮೊದಲು ಹೇಳಿದ್ದು ತಪ್ಪು ಅಂದುಕೊಂಡು ಮಗು ಉತ್ತರ ಬದಲಿಸುತ್ತದೆ. "ಹೇಳಿದ್ರೆ ಚಾಕ್ಲೇಟ್ ಕೊಡ್ತೀನಿ" ಅನ್ನುವುದಂತೂ ಬೇಡವೇ ಬೇಡ. ಮೌನ ಬಂದರೆ ಮೌನವಾಗಿರಿ.

ಚಿತ್ರ ಬರೆಯುತ್ತಾ ಹೇಳುವ ಮಕ್ಕಳು ಬರೀ ಬಾಯಲ್ಲಿ ಹೇಳುವ ಮಕ್ಕಳಿಗಿಂತ ಜಾಸ್ತಿ ವಿವರ ಕೊಡುತ್ತಾರೆ ಎಂದು ಅಧ್ಯಯನಗಳು ಹೇಳಿವೆ. ಇಸ್ರೇಲಿನಲ್ಲಿ ನಿಜವಾದ ದೌರ್ಜನ್ಯ ಪ್ರಕರಣಗಳ ವಿಚಾರಣೆಯಲ್ಲೇ ಇದನ್ನು ಪರೀಕ್ಷಿಸಿದ್ದಾರೆ. ಆದರೆ ದಾರಿ ತಪ್ಪಿಸುವ ಪ್ರಶ್ನೆ ಜೊತೆಗೆ ಸೇರಿದರೆ ಇದೇ ಚಿತ್ರ ತಿರುಗಿಬೀಳುತ್ತದೆ. ಆಗದೇ ಇರುವುದನ್ನು ಬರೆಸಿದರೆ, ಆಮೇಲೆ ಅದು ಆಗಿದ್ದೇ ನಿಜ ಅಂತ ಮಕ್ಕಳು ನಂಬುವುದೂ ಉಂಟು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1983ರಲ್ಲಿ ಒಂದು ಶಿಶುವಿಹಾರದ ಮೇಲೆ ದೌರ್ಜನ್ಯದ ಆರೋಪ ಬಂತು. ನೂರಾರು ಮಕ್ಕಳಿಗೆ ಉತ್ತರ ಹೇಳಿಕೊಡುವಂಥ ಪ್ರಶ್ನೆಗಳನ್ನೇ ಕೇಳಿದರು. ಇಲ್ಲ ಅಂದವರನ್ನು ಮತ್ತೆ ಮತ್ತೆ ಒತ್ತಾಯಿಸಿದರು. ಶಾಲೆಯ ಕೆಳಗೆ ಸುರಂಗವಿದೆ ಎಂಬ ಕತೆಗಳವರೆಗೆ ಮಾತು ಬೆಳೆಯಿತು. 1990ರಲ್ಲಿ ಕೇಸು ಮುಗಿದಾಗ ಒಬ್ಬರಿಗೂ ಶಿಕ್ಷೆಯಾಗಲಿಲ್ಲ. ಆ ಮಕ್ಕಳಲ್ಲಿ ಯಾರಿಗಾದರೂ ನಿಜಕ್ಕೂ ಏನಾದರೂ ಆಗಿದ್ದರೆ, ಅದನ್ನು ತಿಳಿಯುವ ದಾರಿಯೂ ಆ ಪ್ರಶ್ನೆಗಳ ಅಡಿಯಲ್ಲಿ ಹೂತುಹೋಯಿತು.

ಹಂತ 5: ಮಗು ಹೇಳಿಬಿಟ್ಟರೆ

ಮುಖ ಮೊದಲು ಸರಿ ಇರಲಿ. ನೀವು ಅತ್ತರೆ, "ಅಯ್ಯೋ ದೇವರೇ" ಅಂದರೆ, ಸಿಟ್ಟಿನಲ್ಲಿ ಎದ್ದು ನಿಂತರೆ, ತಾನು ಏನೋ ತಪ್ಪು ಹೇಳಿದೆ ಅಂತ ಮಗು ಅಲ್ಲಿಗೇ ನಿಲ್ಲಿಸುತ್ತದೆ. "ಹೇಳಿದ್ದು ಒಳ್ಳೇದಾಯ್ತು. ಇದ್ರಲ್ಲಿ ನಿಂದೇನೂ ತಪ್ಪಿಲ್ಲ" ಅಂತ ಮೆಲ್ಲಗೆ ಹೇಳಿ.

"ಯಾರಿಗೂ ಹೇಳಲ್ಲ, ಪ್ರಾಮಿಸ್" ಅನ್ನಬೇಡಿ. ನೀವು ಹೇಳಲೇಬೇಕಾಗುತ್ತದೆ. ಮಗುವಿಗೆ ಗುಟ್ಟಿನ ಆಣೆ ಹಾಕಿಸಿದವನ ಸಾಲಿನಲ್ಲಿ, ಮಾತು ಮುರಿದವರಾಗಿ ನೀವೂ ನಿಲ್ಲುತ್ತೀರಿ. "ನಿಂಗೆ ಸಹಾಯ ಮಾಡೋರಿಗೆ ಮಾತ್ರ ಹೇಳ್ತೀನಿ" ಅನ್ನಿ. "ಇಷ್ಟು ದಿನ ಯಾಕೆ ಹೇಳಲಿಲ್ಲ?", "ನೀನ್ಯಾಕೆ ಅಲ್ಲಿಗೆ ಹೋದೆ?" ಅಂತ ಕೇಳಬೇಡಿ. ಆ ವ್ಯಕ್ತಿಯನ್ನು ಬೈಯಲೂ ಬೇಡಿ. ಎಷ್ಟೋ ಸಲ ಅದು ಮಗುವಿಗೆ ಪ್ರೀತಿಯ ಮಾಮನೋ ಅಜ್ಜನೋ ಆಗಿರುತ್ತದೆ, ಬೈದರೆ ಮಗು ಅವರ ಪರ ನಿಲ್ಲುತ್ತದೆ.

ಯಾರು, ಏನು ಎಂಬುದು ಮಗುವಿನ ಬಾಯಿಂದ ಬಂದ ಮೇಲೆ ಪ್ರಶ್ನೆ ನಿಲ್ಲಿಸಿ. ದಿನ, ಹೊತ್ತು, ಎಷ್ಟು ಸಲ ಅನ್ನುವುದನ್ನೆಲ್ಲ ಕೇಳುವುದು ತನಿಖೆ ಮಾಡುವವರಿಗೆ ಬಿಟ್ಟದ್ದು. ಹೆಡ್‌ಮಾಸ್ಟರ್ ಎದುರು ಇನ್ನೊಮ್ಮೆ, ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಅಧ್ಯಕ್ಷರ ಎದುರು ಮತ್ತೊಮ್ಮೆ ಹೇಳಿಸಬೇಡಿ. ಮೈ ಪರೀಕ್ಷಿಸಲು ಬಟ್ಟೆ ಸರಿಸಬೇಡಿ. ರಕ್ತ ಅಥವಾ ಗಾಯ ಕಂಡರೆ ನೇರ ಆಸ್ಪತ್ರೆ.

ಹಂತ 6: ಬರೆದಿಡುವುದು, ಚಿತ್ರ ಕಾಪಾಡುವುದು

ಮಗು ಹೋದ ತಕ್ಷಣ ಬರೆಯಿರಿ, ಸಂಜೆಗೆ ಅಂತ ಇಡಬೇಡಿ. ತಾರೀಖು, ಹೊತ್ತು, ಜಾಗ, ಅಲ್ಲಿ ಯಾರ್ಯಾರಿದ್ದರು. ನೀವು ಕೇಳಿದ ಪ್ರಶ್ನೆ, ಮಗು ಕೊಟ್ಟ ಉತ್ತರ, ಅದೇ ಕ್ರಮದಲ್ಲಿ. ಮಗು ಹಾವೇರಿ ಮಾತಾಡಿದರೆ ಹಾವೇರಿ ಮಾತಲ್ಲೇ, ತುಳುವೋ ಲಂಬಾಣಿಯೋ ಆದರೆ ಅದೇ ಭಾಷೆಯಲ್ಲೇ ಬರೆಯಿರಿ. ಗುಪ್ತಾಂಗಕ್ಕೆ ಮಗು ಮನೆಯ ಮುದ್ದು ಪದ ಬಳಸಿದರೆ ಆ ಪದವೇ ಇರಲಿ, ನೀವು ಗ್ರಂಥದ ಪದ ಹಾಕಬೇಡಿ. "ಮಗು ಹೆದರಿದಂತಿತ್ತು" ಅಂತ ಬರೆಯುವ ಬದಲು "ಎರಡು ಕೈಯಿಂದ ಹಾಳೆ ಮುಚ್ಚಿಕೊಂಡಿತು" ಅಂತ ಬರೆಯಿರಿ. ಕಂಡದ್ದು ಬೇರೆ, ನಮಗೆ ಅನ್ನಿಸಿದ್ದು ಬೇರೆ.

ಚಿತ್ರದ ಮುಖದ ಮೇಲೆ ಏನೂ ಬರೆಯಬೇಡಿ, ಬಾಣ ಹಾಕಬೇಡಿ, ಮಡಚಬೇಡಿ. ಹಿಂಬದಿಯ ಮೂಲೆಯಲ್ಲಿ ಪೆನ್ಸಿಲಿನಿಂದ ತಾರೀಖು ಸಾಕು. ಕವರಿನಲ್ಲಿ ಹಾಕಿ, ಬೀಗವಿರುವ ಬೀರುವಿನಲ್ಲಿಡಿ. ಆ ಚಿತ್ರವನ್ನು ಮಗುವಿನ ಬ್ಯಾಗಿನಲ್ಲಿ ಮನೆಗೆ ಕಳಿಸಬೇಡಿ. ಅದನ್ನು ಮೊದಲು ನೋಡುವ ವ್ಯಕ್ತಿ ಯಾರಾಗಿರುತ್ತಾರೋ ಗೊತ್ತಿಲ್ಲ. ಮಗು ಬೇಕು ಅಂತ ಹಟ ಹಿಡಿದರೆ ಬೇರೊಂದು ಹಾಳೆ ಕೊಟ್ಟು ಮನೆಗೆ ಒಯ್ಯಲು ಇನ್ನೊಂದು ಚಿತ್ರ ಬರೆಸಿ.

ಫೋಟೋ ತೆಗೆದು ಸ್ಟಾಫ್ ಗ್ರೂಪಿಗೆ ಹಾಕುವುದು ಈಗಿನ ರೋಗ. ಬೇಡ. ಮಗುವಿನ ಗುರುತು ಸಿಗುವಂಥ ಹೆಸರು, ಶಾಲೆ, ಊರು, ಮನೆಯವರ ವಿವರ ಹೊರಗೆ ಬರಬಾರದು. ಮಾಧ್ಯಮಗಳಲ್ಲಿ ಅದನ್ನು ಬಯಲು ಮಾಡುವುದನ್ನು ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಅಪರಾಧ ಅನ್ನುತ್ತದೆ.

ಹಂತ 7: ತಿಳಿಸುವುದು

ಪೋಕ್ಸೊ ಕಾಯ್ದೆ 2012ರ ನವೆಂಬರ್ 14ರಿಂದ ಜಾರಿಯಲ್ಲಿದೆ. ಅದರ 19ನೇ ಸೆಕ್ಷನ್ ಪ್ರಕಾರ, 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ಗೊತ್ತಿದ್ದರೆ, ನಡೆಯಬಹುದು ಎಂಬ ಆತಂಕವಿದ್ದರೆ, ಯಾರೇ ಆಗಲಿ ಸ್ಥಳೀಯ ಪೊಲೀಸರಿಗೋ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೋ ತಿಳಿಸಲೇಬೇಕು. ತಿಳಿಸದಿದ್ದರೆ 6 ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಕೃತ್ಯ ಮುಚ್ಚಿಟ್ಟರೆ 1 ವರ್ಷದವರೆಗೆ ಜೈಲು, ಜೊತೆಗೆ ದಂಡ. "ಶಾಲೆ ಮರ್ಯಾದೆ ಪ್ರಶ್ನೆ, ಇಲ್ಲೇ ಬಗೆಹರಿಸೋಣ" ಅನ್ನುವ ಹೆಡ್‌ಮಾಸ್ಟರಿಗೆ ಈ ಸಾಲು ತೋರಿಸಿ. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ ಎಂಬುದೂ ಅದೇ 19ನೇ ಸೆಕ್ಷನ್‌ನಲ್ಲಿದೆ. ಸಾಬೀತು ಮಾಡುವ ಹೊಣೆ ನಿಮ್ಮದಲ್ಲ.

ಬರೀ ಚಿತ್ರ ಇದ್ದರೆ? ಮಗು ಏನೂ ಹೇಳಿಲ್ಲ, ನಡವಳಿಕೆಯಲ್ಲೂ ಬದಲಾವಣೆ ಇಲ್ಲ ಅಂದರೆ ಬರೆದಿಟ್ಟುಕೊಳ್ಳಿ, ಗಮನಿಸುತ್ತಿರಿ. ಚಿತ್ರದ ಜೊತೆ ನಡವಳಿಕೆಯೂ ಬದಲಾಗಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಫೋನ್ ಮಾಡಿ, ಕಂಡದ್ದನ್ನು ಹೇಳಿ. 1098 ಉಚಿತ, ದಿನದ 24 ಗಂಟೆಯೂ ಇರುತ್ತದೆ. ಮಗು ಒಂದೇ ಒಂದು ವಾಕ್ಯ ಹೇಳಿದ್ದರೂ ಕಾಯಬೇಡಿ, ಅದೇ ದಿನ ತಿಳಿಸಿ. ಈಗಲೇ ಅಪಾಯವಿದೆ ಅನ್ನಿಸಿದರೆ ತುರ್ತು ಸಹಾಯದ ನಂಬರು 112.

ಮನೆಯವರಿಗೆ ಮೊದಲು ಹೇಳಬೇಕೇ? ಅದು ಯಾರ ಮೇಲೆ ಅನುಮಾನ ಎಂಬುದರ ಮೇಲಿದೆ. ಹೊರಗಿನವರಾದರೆ ಅಮ್ಮನನ್ನೋ ಅಪ್ಪನನ್ನೋ ಕರೆದು ಕೂರಿಸಿ ಹೇಳಿ. ಮನೆಯವರೇ ಆಗಿರಬಹುದು ಅನ್ನಿಸಿದರೆ ಮೊದಲ ಫೋನು ಮನೆಗೆ ಹೋಗಬಾರದು. ರಾತ್ರಿ ಬೆಳಗಾಗುವಷ್ಟರಲ್ಲಿ ಮಗು ಅಜ್ಜಿ ಊರಿಗೆ ಹೋಗಿರುತ್ತದೆ, ಇಲ್ಲವೇ ಮಾತು ಬದಲಿಸಿರುತ್ತದೆ. ಆರೋಪ ಹೊತ್ತವರನ್ನು ನೀವೇ ಕರೆದು ವಿಚಾರಿಸುವುದು, ಊರ ಹಿರಿಯರ ಪಂಚಾಯ್ತಿ ಸೇರಿಸುವುದು ಎರಡೂ ಮಗುವಿಗೆ ಕಂಟಕ.

ಹೊಡೆತ, ಬರೆ ಹಾಕುವುದು, ಊಟ ಕೊಡದಿರುವುದು ಇಂಥದ್ದಾದರೆ ಪೋಕ್ಸೊ ಬರುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಇದೆ, ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ವಿಷಯ ಇಡಬಹುದು. ಹೊಡೆದವರು ಶಾಲೆಯವರೇ ಆದರೆ, ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ.

ಮುಂದೆ ಏನಾಗುತ್ತದೆ ಎಂದು ತಿಳಿದಿದ್ದರೆ ಮನೆಯವರಿಗೂ ಧೈರ್ಯ ಹೇಳಬಹುದು. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ಮತ್ತು ವಿಶೇಷ ನ್ಯಾಯಾಲಯಕ್ಕೆ ವಿಷಯ ಮುಟ್ಟಿಸಬೇಕು. ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಮಗುವಿಗೆ ಬೇಕಾದ ಜಾಗದಲ್ಲೋ ಪಡೆಯಬೇಕು. ಆದಷ್ಟೂ ಮಹಿಳಾ ಎಸ್‌ಐ ಅಥವಾ ಅದಕ್ಕಿಂತ ಮೇಲಿನವರು ಪಡೆಯಬೇಕು, ಯೂನಿಫಾರ್ಮ್‌ನಲ್ಲಿ ಇರಬಾರದು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸುವಂತಿಲ್ಲ. ಹುಡುಗಿಯಾದರೆ ವೈದ್ಯಕೀಯ ಪರೀಕ್ಷೆ ಮಹಿಳಾ ವೈದ್ಯರಿಂದಲೇ ಆಗಬೇಕು. ಎಫ್‌ಐಆರ್ ಆಗುವ ಮೊದಲೂ ಪರೀಕ್ಷೆ ಮಾಡಿಸಬಹುದು. ನಮ್ಮ ಠಾಣೆ ವ್ಯಾಪ್ತಿಗೆ ಬರಲ್ಲ ಅಂತ ಸಾಗಹಾಕಿದರೆ ಒಪ್ಪಬೇಡಿ. ಇಂಥ ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು.

ಪೊಲೀಸರು ಚಿತ್ರ ಕೇಳಿದರೆ ಮೂಲವನ್ನೇ ಕೊಡಿ. ಕೊಟ್ಟದ್ದಕ್ಕೆ ಸಹಿ ಪಡೆಯಿರಿ, ಒಂದು ಝೆರಾಕ್ಸ್ ನಿಮ್ಮ ಕವರಿನಲ್ಲಿರಲಿ.

ಹಂತ 8: ಆಮೇಲಿನ ದಿನಗಳು

ಮರುದಿನ ಮಗು ಶಾಲೆಗೆ ಬಂದರೆ ಅದು ಎಂದಿನ ಮಗುವೇ. ಅಯ್ಯೋ ಪಾಪ ಅನ್ನುವ ನೋಟ ಬೇಡ, ಮುಂದಿನ ಬೆಂಚಿನಲ್ಲಿ ವಿಶೇಷ ಜಾಗವೂ ಬೇಡ. ಪಾಠ, ಆಟ, ಬಿಸಿಯೂಟ ಎಂದಿನಂತೆ ನಡೆಯಲಿ. ಚಿತ್ರ ಬರೆಯುವುದನ್ನು ನಿಲ್ಲಿಸಬೇಡಿ. ಆದರೆ ಪ್ರತಿ ಚಿತ್ರವನ್ನೂ ಕಸಿದು ನೋಡುತ್ತಾ ಕೂರಬೇಡಿ, ಮಗುವಿಗೆ ಅದು ಬೇಗ ಗೊತ್ತಾಗುತ್ತದೆ. ಘಟನೆಯ ಬಗ್ಗೆ ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ, ನೀವಾಗಿ ಕೆದಕಬೇಡಿ.

ಮಗುವಿಗೆ ಆಪ್ತಸಮಾಲೋಚನೆ ಬೇಕಾಗಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ಕಾರ್ಯಕ್ರಮದವರನ್ನು ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಈ ನಂಬರು ನಿಮಗೂ ಹೌದು. ಇಂಥ ಮಾತು ಕೇಳಿದ ಮೇಲೆ ಟೀಚರಿಗೆ ನಿದ್ದೆ ಬರದಿರುವುದು ಸಹಜ, ಅದನ್ನು ಸ್ಟಾಫ್ ರೂಮಿನಲ್ಲಿ ಹೇಳಿಕೊಳ್ಳಲೂ ಆಗುವುದಿಲ್ಲ.

ಒಂದು ವಾರವಾದರೂ ಏನೂ ಆಗಿಲ್ಲ, ಠಾಣೆಯವರು ದೂರು ದಾಖಲಿಸಿಲ್ಲ ಅಂದರೆ, ನೀವು ಬರೆದಿಟ್ಟದ್ದರ ಪ್ರತಿಯ ಜೊತೆ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಇನ್ನೊಂದು ಪ್ರತಿ ಮಕ್ಕಳ ಕಲ್ಯಾಣ ಸಮಿತಿಯ ಅಧ್ಯಕ್ಷರಿಗೆ ಹೋಗಲಿ. ಎರಡರ ರಸೀದಿಯೂ ಅದೇ ಕವರಿನಲ್ಲಿರಲಿ.